ಗ್ರೂಪ್ ಎಡಕ್ಕೆ ಕೆಳಗೆ, ನಡುನಡುವೆ ಮಿಸ್‌ಫೈರ್: ತಪ್ಪು ಪಿಸ್ತೂಲಿನದ್ದೋ, ರೌಂಡಿನದ್ದೋ, ಬೆರಳಿನದ್ದೋ?

ಕಪ್ಪುವೃತ್ತ

.22 ಸೆಮಿ ಆಟೋ ಟಾರ್ಗೆಟ್ ಪಿಸ್ತೂಲು, 25 ಮೀಟರ್, ಪ್ರಿಸಿಶನ್ ಕಾರ್ಡ್, ಒಂದೇ ಕೈ, ಬಲಗೈ. ಮೊದಲ ಸೀರೀಸ್‌ಗಳು ಎಡಕ್ಕೆ ಕೆಳಗೆ ಏಳು, ಎಂಟರ ರಿಂಗ್ ಹತ್ತಿರ ಒಟ್ಟಾಗಿ, ಒಂದೇ ಗ್ರೂಪ್ ಆಗಿ ಬಿದ್ದವು. ರಿಯರ್ ಸೈಟನ್ನು (ಗುರಿ ಹಿಡಿಯುವ ಹಿಂದಿನ ಪಟ್ಟಿ) ಮೇಲಕ್ಕೂ ಬಲಕ್ಕೂ ಕ್ಲಿಕ್ ಮಾಡಿದ ಮೇಲೆ ಆ ಒಗ್ಗಟ್ಟೂ ಹೋಯಿತು, ಈಗ ಇಡೀ ಕಾರ್ಡ್ ತುಂಬ ಚೆಲ್ಲಾಪಿಲ್ಲಿ. ಇದರ ಜೊತೆಗೆ ಮ್ಯಾಗಜಿನ್‌ಗೆ ಒಂದರಂತೆ ರೌಂಡ್ ಸಿಡಿಯುತ್ತಿಲ್ಲ. ಖಾಲಿ ಕೇಸ್ ನೆಟ್ಟಗೆ ನಿಂತು ಸ್ಲೈಡಿಗೆ ಸಿಕ್ಕಿಕೊಳ್ಳುವುದೂ ಇದೆ. ರೌಂಡ್‌ಗಳು ಹೊಸ ಬ್ರಾಂಡಿನವು, ಸ್ಟ್ಯಾಂಡರ್ಡ್ ವೆಲಾಸಿಟಿ.

ಸ್ಪ್ರಿಂಗ್ ಬದಲಿಸಬೇಕೇ? ಸೈಟ್ ಇನ್ನೂ ತಿರುಗಿಸಬೇಕೇ? ಅಥವಾ ಗುಂಡು ಬಿದ್ದ ದಿಕ್ಕು ನೋಡಿ ಕೈಯ ತಪ್ಪು ಹೇಳುವ ಆ ಗಡಿಯಾರದಂಥ ಚಾರ್ಟ್ ನೋಡಿ ಬೆರಳು ತಿದ್ದಿಕೊಳ್ಳಬೇಕೇ?

ಅರ್ಧಕ್ಲಿಕ್

ಮೊದಲು ಸ್ಕ್ರೂಡ್ರೈವರ್ ಕೆಳಗಿಡಿ. ಒಂದೇ ದಿನ ರೌಂಡ್ ಬದಲು, ಸೈಟ್ ಬದಲು, ಅದರ ಮೇಲೆ ಸ್ಪ್ರಿಂಗೂ ಬದಲು ಅಂದರೆ ಯಾವುದರಿಂದ ಏನಾಯಿತು ಅಂತ ಯಾರಿಗೂ ಹೇಳಲಾಗುವುದಿಲ್ಲ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ: ಗುಂಡು ಬೀಳುವ ಜಾಗ ಒಂದು, ಪಿಸ್ತೂಲು ಓಡದಿರುವುದು ಇನ್ನೊಂದು. ಓಡದಿರುವುದನ್ನು ಮೊದಲು ಸರಿಮಾಡಿ. ಯಾಕೆಂದರೆ ಮುಂದಿನ ರೌಂಡ್ ಸಿಡಿಯುತ್ತದೋ ಇಲ್ಲವೋ ಎಂಬ ಅನುಮಾನ ಇರುವ ತನಕ ಯಾರ ಬೆರಳೂ ನೆಟ್ಟಗೆ ಹಿಂದಕ್ಕೆ ಬರುವುದಿಲ್ಲ.

ಸೈಟನ್ನು ಮೊದಲಿದ್ದ ಜಾಗಕ್ಕೆ ವಾಪಸ್ ತನ್ನಿ. ಕ್ಲಿಕ್ ಎಣಿಸಿಟ್ಟಿದ್ದರೆ ಸುಲಭ. ಇಲ್ಲವಾದರೆ ಎತ್ತರದ ಸ್ಕ್ರೂವನ್ನು ಕೆಳಗಿನ ತುದಿಗೆ ತಾಗುವವರೆಗೆ ಮೆಲ್ಲಗೆ ತಿರುಗಿಸಿ, ಅಲ್ಲಿಂದ ಎಣಿಸುತ್ತಾ ಮೇಲೆ ಬನ್ನಿ. ಆ ಸಂಖ್ಯೆಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆದಿಡಿ. ಅಡ್ಡಕ್ಕೆ ರಿಯರ್ ಬ್ಲೇಡನ್ನು ನಡುವಿಗೆ ತನ್ನಿ, ಅಷ್ಟು ಸಾಕು.

ಸೀಸದಪುಡಿ

ಸಿಡಿಯದ ರೌಂಡ್‌ಗಳನ್ನು ಎಸೆದಿಲ್ಲ ತಾನೇ? ಉತ್ತರ ಅವುಗಳ ರಿಮ್ (ಕೇಸಿನ ಹಿಂಬದಿಯ ಅಂಚು) ಮೇಲೇ ಬರೆದಿರುತ್ತದೆ.

.22ರಲ್ಲಿ ಪ್ರೈಮರ್ (ಪೆಟ್ಟು ಬಿದ್ದಾಗ ಮೊದಲು ಹತ್ತಿಕೊಳ್ಳುವ ಮದ್ದು) ಬೇರೆ ಬಿಲ್ಲೆಯಾಗಿ ಇರುವುದಿಲ್ಲ. ಒದ್ದೆ ಮಿಶ್ರಣವನ್ನು ಕೇಸಿನೊಳಗೆ ತಿರುಗಿಸಿ ರಿಮ್‌ನ ಟೊಳ್ಳಿನೊಳಗೆ ಹರಡಿರುತ್ತಾರೆ. ಎಲ್ಲೋ ಒಂದು ಕಡೆ ಮಿಶ್ರಣ ಹರಡದೆ ಖಾಲಿ ಉಳಿದು, ರೌಂಡಿಗೆ ಪೆಟ್ಟು ಕೊಡುವ ಪಿನ್ ಅಲ್ಲೇ ಬಡಿದರೆ ಸಿಡಿಯುವುದಿಲ್ಲ. ಗುರುತು ನೋಡುವ ರೀತಿ ಹೀಗೆ:

ಗುರುತು ಆಳವಾಗಿ, ಅಂಚಿಗೆ ಸರಿಯಾಗಿ ಬಿದ್ದಿದ್ದು, ರೌಂಡನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿದಾಗ ಸಿಡಿದರೆ ರೌಂಡ್‌ನ ದೋಷ. ಗುರುತು ತೆಳುವಾಗಿದ್ದರೆ ಪಿನ್ ಓಡುವ ದಾರಿಯಲ್ಲಿ ಗಟ್ಟಿಯಾದ ಎಣ್ಣೆ, ಕೊಳೆ, ಇಲ್ಲವೇ ಸೋತ ಸ್ಪ್ರಿಂಗ್. ಇನ್ನು ಮೂರನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ: ರೌಂಡನ್ನು ತಿರುಗಿಸದೆ, ಅದೇ ಜಾಗಕ್ಕೆ ಎರಡನೇ ಪೆಟ್ಟು ಬಿದ್ದಾಗ ಸಿಡಿದರೆ ರೌಂಡೂ ಸರಿ, ಪಿನ್ನೂ ಸರಿ. ಮೊದಲ ಪೆಟ್ಟಿನ ಬಲವೆಲ್ಲ ರೌಂಡನ್ನು ಚೇಂಬರ್ (ನಳಿಗೆಯ ಬುಡದಲ್ಲಿ ರೌಂಡ್ ಕೂರುವ ಗೂಡು) ಒಳಗೆ ತಳ್ಳುವುದಕ್ಕೇ ಖರ್ಚಾಗಿದೆ. ಅಂದರೆ ರೌಂಡ್ ಪೂರ್ತಿ ಒಳಗೆ ಕೂತಿರಲಿಲ್ಲ.

ಯಾವ ಗುರುತು ಅಂತ ನೋಡಿ ಬರೆಯಿರಿ. ಆಮೇಲೆ ಸ್ಪ್ರಿಂಗ್ ವಿಷಯ.

ಶಾಂತಬೆರಳು

ಸೀಸದಪುಡಿ ಅವರ ಮಾತಿಗೆ ಒಂದು ಎಚ್ಚರಿಕೆ ಸೇರಿಸಲೇಬೇಕು. ಸಿಡಿಯಲಿಲ್ಲ ಅಂದ ಕೂಡಲೇ ಸ್ಲೈಡ್ ಎಳೆಯಬೇಡಿ. ತಡವಾಗಿ ಹತ್ತಿಕೊಳ್ಳುವ ರೌಂಡೂ ಇರುತ್ತದೆ. ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರ್‌ನಿಂದ ಹೊರಗೆ, ಕನಿಷ್ಠ 30 ಸೆಕೆಂಡು ಹಾಗೇ ಹಿಡಿದಿರಿ. ಆಮೇಲೆ ಮ್ಯಾಗಜಿನ್ ತೆಗೆದು, ಮುಖವನ್ನು ಎಜೆಕ್ಷನ್ ಪೋರ್ಟ್‌ನ ನೇರಕ್ಕೆ ತರದೆ ತೆರೆಯಿರಿ. ಎರಡನೇ ಪೆಟ್ಟಿನ ಪರೀಕ್ಷೆಯನ್ನೂ ಈ 30 ಸೆಕೆಂಡು ಕಳೆದ ಮೇಲೆಯೇ, ತೆರೆಯುವ ಮೊದಲು, ಲೈನ್ ಮೇಲೆಯೇ ಮಾಡಿ. ಆಗಲೂ ಸಿಡಿಯದ ರೌಂಡ್‌ಗಳು ರೇಂಜ್‌ನ ಡಬ್ಬಕ್ಕೆ ಹೋಗಬೇಕು, ಜೇಬಿಗೆ ಅಲ್ಲ.

ಅದಕ್ಕಿಂತ ಅಪಾಯದ್ದು 'ಪುಸ್' ಎನ್ನುವ ಶಾಟ್. ಸದ್ದು ಕಡಿಮೆ, ಕೈಗೆ ಒದೆತ ಬರಲಿಲ್ಲ, ಕಾರ್ಡ್ ಮೇಲೆ ತೂತಿಲ್ಲ ಅಂದರೆ ಗುಂಡು ನಳಿಗೆಯ ಒಳಗೇ ನಿಂತಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಒಡೆಯುತ್ತದೆ. ಅಲ್ಲಿಗೆ ನಿಲ್ಲಿಸಿ, ಪಿಸ್ತೂಲು ಖಾಲಿ ಮಾಡಿ, ರೇಂಜ್ ಅಧಿಕಾರಿಯನ್ನು ಕರೆಯಿರಿ. ಸಿಕ್ಕಿದ ಗುಂಡನ್ನು ಹಿತ್ತಾಳೆ ಸರಳಿನಿಂದ ತಟ್ಟಿ ತೆಗೆಯುವುದು ಆರ್ಮರರ್ (ಬಂದೂಕು ರಿಪೇರಿಯವರ) ಕೆಲಸ.

ಸ್ಪರ್ಧೆಗೆ ಅಭ್ಯಾಸ ಮಾಡುವವರು ಇದನ್ನೂ ರೂಢಿ ಮಾಡಿಕೊಳ್ಳಿ: 25 ಮೀಟರ್ ಪಂದ್ಯದಲ್ಲಿ ರೌಂಡ್ ಸಿಡಿಯದಿದ್ದರೆ ನಳಿಗೆಯನ್ನು ಗುರಿಯ ಕಡೆಗಿಟ್ಟು ಖಾಲಿ ಕೈ ಎತ್ತಬೇಕು, ಅಷ್ಟೇ. ಅಧಿಕಾರಿ ನೋಡುವ ಮೊದಲೇ ಸ್ಲೈಡ್ ಎಳೆದರೆ ಅದು ನಿಮ್ಮ ತಪ್ಪೆಂದೇ ಲೆಕ್ಕ, ಆ ಸೀರೀಸ್ ಮತ್ತೆ ಹೊಡೆಯುವ ಅವಕಾಶ ಸಿಗುವುದಿಲ್ಲ.

ಗಡಿಯಾರಚಾರ್ಟ್

ಎಡಕ್ಕೆ ಕೆಳಗೆ ಅಂದ ಮೇಲೆ ಇಷ್ಟೆಲ್ಲ ಯಾಕೆ? ಬಲಗೈಯವರಿಗೆ ಎಡ, ಕೆಳಗೆ ಅಂದರೆ ಟ್ರಿಗರ್ ಜಗ್ಗಿದ್ದು. ಚಾರ್ಟ್‌ನಲ್ಲಿ ಸ್ಪಷ್ಟವಾಗಿದೆ.

ಅರ್ಧಕ್ಲಿಕ್

ಗಡಿಯಾರಚಾರ್ಟ್ ಅವರೇ, ಚಾರ್ಟ್ ಪೂರ್ತಿ ಸುಳ್ಳಲ್ಲ. ಆದರೆ ಅದು ನಡೆಯುವುದು ಕೆಲವು ಷರತ್ತುಗಳ ಮೇಲೆ. ಅದು ಒಂದು ಕೈಯಲ್ಲಿ ನಿಧಾನಕ್ಕೆ ಹೊಡೆಯುವ ಬಲಗೈಯವರಿಗೆ ಮಾಡಿದ್ದು. ಎಡಗೈಯವರು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿ ಓದಬೇಕು. ಎರಡು ಕೈ ಹಿಡಿತಕ್ಕೆ ಅದರ ಅರ್ಧ ಭಾಗ ಹೊಂದುವುದೇ ಇಲ್ಲ. ಮುಖ್ಯವಾಗಿ, ಪಿಸ್ತೂಲು ಸರಿಯಾಗಿ ಝೀರೋ ಆಗಿದೆ (ಗುಂಡು ಬೇಕಾದಲ್ಲಿ ಬೀಳುವಂತೆ ಸೈಟ್ ಹೊಂದಿಸಿದೆ) ಎಂದು ಗೊತ್ತಿದ್ದು, ಗುಂಡುಗಳು ಒಂದೇ ಕಡೆ ಗುಂಪಾಗಿ ಬಿದ್ದರೆ ಮಾತ್ರ ಅದಕ್ಕೆ ಬೆಲೆ. ಅಲ್ಲೊಂದು ಇಲ್ಲೊಂದು ಬಿದ್ದ ತೂತುಗಳಿಗೆ ಒಂದೊಂದು ಕಾಯಿಲೆ ಹುಡುಕುತ್ತಾ ಹೋದರೆ ಮುಂದಿನ ಶಾಟ್‌ಗೆ ಹೊಸ ಕಾಯಿಲೆಯೇ ಬರುತ್ತದೆ.

ಇವರದು ಹೊಸ ರೌಂಡ್. ಬ್ರಾಂಡ್ ಬದಲಾದರೆ ಗುಂಡು ಬೀಳುವ ಜಾಗವೂ ಸ್ವಲ್ಪ ಸರಿಯಬಹುದು. .22 ಗುಂಡಿನ ಮೇಲಿನ ಮೇಣ ಬ್ರಾಂಡಿಗೆ ಒಂದು ಥರ ಇರುವುದರಿಂದ ನಳಿಗೆ ಹೊಸ ಮೇಣಕ್ಕೆ ಒಗ್ಗುವ ತನಕ ಮೊದಲ ಹತ್ತು, ಇಪ್ಪತ್ತು ಗುಂಡುಗಳು ದಾರಿ ತಪ್ಪುವುದೂ ಉಂಟು. ಹಾಗಾಗಿ ಬೆರಳನ್ನು ದೂರುವ ಮೊದಲು ಪಿಸ್ತೂಲಿನ ಪಾಲು ಎಷ್ಟು ಅಂತ ತಿಳಿಯಬೇಕು. ಅದಕ್ಕೆ ಮರಳು ಚೀಲ.

ಕುರ್ಚಿಯಲ್ಲಿ ಕುಳಿತು, ಎರಡೂ ಮುಂಗೈಗಳನ್ನು ಮರಳು ಚೀಲದ ಮೇಲಿಡಿ. ಚೀಲ ಮಣಿಕಟ್ಟಿನ ಕೆಳಗೆ ಇರಲಿ. ನಳಿಗೆಯಾಗಲಿ, ಟ್ರಿಗರ್ ಗಾರ್ಡ್ ಆಗಲಿ ಚೀಲಕ್ಕೆ ತಾಗಿದರೆ ಗುಂಡು ಬೇರೆ ಕಡೆ ಹೋಗುತ್ತದೆ, ಪರೀಕ್ಷೆ ವ್ಯರ್ಥ. ಹಳೆ ಬ್ರಾಂಡ್ ಉಳಿದಿದ್ದರೆ ಮೊದಲು ಅದರಲ್ಲಿ ಐದೈದರ ಎರಡು ಗ್ರೂಪ್, ಆಮೇಲೆ ಹೊಸದರಲ್ಲಿ ಒಂದು ಮ್ಯಾಗಜಿನ್ ಸುಮ್ಮನೆ ಹಾರಿಸಿ, ನಂತರ ಐದೈದರ ಎರಡು ಗ್ರೂಪ್. ಪ್ರತಿ ಗ್ರೂಪ್‌ಗೂ ಬೇರೆ ಕಾರ್ಡ್. ಪ್ರಿಸಿಶನ್ ಕಾರ್ಡಿನ ಹತ್ತರ ಗೆರೆ 50 ಮಿ.ಮೀ ಅಗಲ. ಕೆಟ್ಟಿರದ ಟಾರ್ಗೆಟ್ ಪಿಸ್ತೂಲು ಚೀಲದ ಮೇಲೆ ಅದರೊಳಗೆ ನಿಲ್ಲಲೇಬೇಕು. ನಿಂತರೆ ಪಿಸ್ತೂಲನ್ನು ಬಿಟ್ಟುಬಿಡಿ, ಉಳಿದದ್ದೆಲ್ಲ ಕೈ, ಕಣ್ಣು, ಬೆರಳು.

ಮೂರೇ ಗುಂಡು ಹಾರಿಸಿ ತೀರ್ಪು ಕೊಡಬೇಡಿ. ಒಂದೇ ಪಿಸ್ತೂಲಿನಲ್ಲಿ ಮೂರು ಗುಂಡಿನ ಗ್ರೂಪ್ ಸರಾಸರಿ 24 ಮಿ.ಮೀ ಬರುತ್ತಿದ್ದರೆ, ಐದರದು ಸುಮಾರು 31, ಹತ್ತರದು ಸುಮಾರು 38 ಬರುತ್ತದೆ. ಪಿಸ್ತೂಲು ಕೆಟ್ಟಿದ್ದರಿಂದಲ್ಲ, ಎಣಿಕೆ ಹೆಚ್ಚಿದ್ದರಿಂದ. 'ಬೆಳಿಗ್ಗೆ ಚೆನ್ನಾಗಿತ್ತು, ಮಧ್ಯಾಹ್ನ ಹಾಳಾಯಿತು' ಎನ್ನುವ ದೂರುಗಳಲ್ಲಿ ಎಷ್ಟೋ ಇಷ್ಟೇ.

ಹತ್ತರಗೆರೆ

ಸೈಟ್ ತಿರುಗಿಸಿದ ಮೇಲೆ ಯಾಕೆ ಚೆಲ್ಲಾಪಿಲ್ಲಿ ಆಯಿತು ಅನ್ನುವುದಕ್ಕೆ ಲೆಕ್ಕವೇ ಇದೆ. ಪ್ರತಿ ಶಾಟ್ ಬಿದ್ದ ಮೇಲೂ ಅದು ತಪ್ಪಿದಷ್ಟೇ ಸೈಟನ್ನು ವಿರುದ್ಧ ದಿಕ್ಕಿಗೆ ತಿರುಗಿಸುತ್ತಾ ಹೋದರೆ, ಗ್ರೂಪ್ ಚಿಕ್ಕದಾಗುವ ಬದಲು ಸುಮಾರು 40 ಶೇಕಡಾ ದೊಡ್ಡದಾಗುತ್ತದೆ. ಯಾಕೆಂದರೆ ಹಿಂದಿನ ಶಾಟ್‌ನ ಆಕಸ್ಮಿಕ ತಪ್ಪನ್ನೂ ಮುಂದಿನ ಶಾಟ್‌ಗೆ ಸೇರಿಸಿದ ಹಾಗಾಯಿತು. ಸಂಖ್ಯಾಶಾಸ್ತ್ರಜ್ಞ ಡೆಮಿಂಗ್ ಆಲಿಕೆಯಿಂದ ಗೋಲಿ ಬೀಳಿಸಿ ತೋರಿಸುತ್ತಿದ್ದುದು ಇದನ್ನೇ. ಅವರು ಕಾರ್ಖಾನೆಯ ಯಂತ್ರಗಳನ್ನು ಸುಮ್ಮಸುಮ್ಮನೆ ತಿರುಗಿಸುವವರಿಗೆ ಹೇಳಿದ್ದು, ನಮಗೂ ಅಷ್ಟೇ ತಾಗುತ್ತದೆ.

ಐದು ಶಾಟ್‌ಗಳ ನಡುಬಿಂದು ಕೂಡ ಕಲ್ಲಲ್ಲಿ ಕೊರೆದದ್ದಲ್ಲ. ನಿಮ್ಮ ಗುಂಡುಗಳು ಅಡ್ಡಕ್ಕೆ ಸ್ಟ್ಯಾಂಡರ್ಡ್ ಡಿವಿಯೇಶನ್ 30 ಮಿ.ಮೀ ಲೆಕ್ಕದಲ್ಲಿ ಚದುರುತ್ತಿದ್ದರೆ, ಐದರ ನಡುಬಿಂದುವೇ 13 ಮಿ.ಮೀ ಅತ್ತಿತ್ತ ಇರುತ್ತದೆ. ಹಾಗಾಗಿ ಒಂದು ರಿಂಗ್, ಅಂದರೆ 25 ಮಿ.ಮೀಗಿಂತ ಕಡಿಮೆ ತಪ್ಪಿಗೆ ಐದು ಶಾಟ್ ನೋಡಿ ಕ್ಲಿಕ್ ಕೊಡುವುದರಲ್ಲಿ ಅರ್ಥವಿಲ್ಲ. ಹತ್ತು ಹಾರಿಸಿ, ನಡುಬಿಂದು ಗುರುತಿಸಿ, ಒಂದೇ ಸಲ ತಿದ್ದಿ.

ಇನ್ನು ಎಡ, ಕೆಳಗೆ ಸುಮಾರು 60 ಮಿ.ಮೀ ಅಂತಿಟ್ಟುಕೊಳ್ಳೋಣ. 25 ಮೀಟರ್ ಪಿಸ್ತೂಲಿನಲ್ಲಿ ಎರಡು ಸೈಟ್‌ಗಳ ನಡುವಿನ ಅಂತರ ಹೆಚ್ಚೆಂದರೆ 220 ಮಿ.ಮೀ. ಫ್ರಂಟ್ ಸೈಟ್ ತನ್ನ ಜಾಗದಿಂದ ಅರ್ಧ ಮಿಲಿಮೀಟರ್ ಸರಿದರೆ 25 ಮೀಟರ್ ದೂರದಲ್ಲಿ 57 ಮಿ.ಮೀ ತಪ್ಪುತ್ತದೆ, ಎರಡು ರಿಂಗ್‌ಗಿಂತ ಜಾಸ್ತಿ. ಅದೇ, ಸೈಟ್ ಎರಡೂ ಸಮವಾಗಿದ್ದು ಕೈ ಮಾತ್ರ ತೂಗಾಡಿ, ಗುರಿ ಕಾರ್ಡಿನ ಮೇಲೆ 20 ಮಿ.ಮೀ ಅಲ್ಲಾಡಿದಂತೆ ಕಂಡರೆ ಗುಂಡೂ 20 ಮಿ.ಮೀ ಮಾತ್ರ ತಪ್ಪುತ್ತದೆ, ಹತ್ತರಲ್ಲೇ ಇರುತ್ತದೆ. ಕೈ ಅಲ್ಲಾಡುವುದನ್ನು ನಿಲ್ಲಿಸಲು ಹೋಗಿ, 'ಈಗ ಸರಿಯಾಗಿದೆ' ಎಂದ ಕ್ಷಣದಲ್ಲಿ ಟ್ರಿಗರ್ ಕಿತ್ತರೆ ಆ ಅರ್ಧ ಮಿಲಿಮೀಟರ್ ಹೋಗುತ್ತದೆ. ತೂಗಾಟ ಇರಲಿ ಬಿಡಿ. ಫ್ರಂಟ್ ಸೈಟ್ ಚೂಪಾಗಿ ಕಾಣಲಿ, ಕಾರ್ಡಿನ ಕಪ್ಪು ವೃತ್ತ ಮಸುಕಾಗಿರಲಿ.

ಎಡಗೈ_ಎರಡುಕಣ್ಣು

ಕಣ್ಣಿನ ವಿಷಯ ಬಂದದ್ದಕ್ಕೆ ಚಿಕ್ಕದಾಗಿ: ನಲವತ್ತು ದಾಟಿದವರಿಗೆ ದೂರದ ಕನ್ನಡಕದಲ್ಲಿ ಫ್ರಂಟ್ ಸೈಟ್ ಮಸುಕಾಗುತ್ತದೆ, ಓದುವ ಕನ್ನಡಕದಲ್ಲಿ ಕಾರ್ಡೇ ಮಾಯ. ದೂರದ ಪವರ್‌ಗೆ +0.50 ಅಥವಾ +0.75 ಸೇರಿಸಿದ ಲೆನ್ಸ್ ಸಾಮಾನ್ಯವಾಗಿ ಸಾಕಾಗುತ್ತದೆ. ಕಣ್ಣಿನ ಡಾಕ್ಟರ್‌ಗೆ ಫ್ರಂಟ್ ಸೈಟ್ ಎಷ್ಟು ದೂರ ಇರುತ್ತದೆ ಅಂತ ಅಳತೆ ಹೇಳಿ ಬರೆಸಿಕೊಳ್ಳಿ. ಬಳಸದ ಕಣ್ಣನ್ನು ಮುಚ್ಚಿ ಹಿಂಡಬೇಡಿ, ಅದರ ಮುಂದೆ ಬಿಳಿ ಮಸುಕು ಪಟ್ಟಿ ಇಡಿ. ಸ್ಪರ್ಧೆಯಲ್ಲಿ ಆ ಪಟ್ಟಿ 30 ಮಿ.ಮೀ ಅಗಲ ಮೀರುವಂತಿಲ್ಲ. ಕಪ್ಪು ಪಟ್ಟಿ ಇಟ್ಟರೆ ಗುರಿ ಹಿಡಿಯುವ ಕಣ್ಣಿನ ಪಾಪೆಯೂ ಹಿಗ್ಗುತ್ತದೆ, ಸೈಟ್ ಇನ್ನಷ್ಟು ಮಸುಕು.

ಎತ್ತಿದ ಮೇಲೆ ಎಂಟು ಸೆಕೆಂಡಿನಲ್ಲಿ ಶಾಟ್ ಹೋಗದಿದ್ದರೆ ಕೈ ಇಳಿಸಿ. ಅಲ್ಲಿಂದ ಮುಂದೆ ಕಣ್ಣು ಹಳೆಯ ಚಿತ್ರವನ್ನೇ ತೋರಿಸುತ್ತಿರುತ್ತದೆ, ಕೈ ಬೇರೆಲ್ಲೋ ಇರುತ್ತದೆ.

ಕಪ್ಪುವೃತ್ತ

ರಿಮ್ ನೋಡಿದ್ದಾಯಿತು. ಗುರುತುಗಳು ಎಲ್ಲದರಲ್ಲೂ ಮಧ್ಯಮ ಆಳ. 30 ಸೆಕೆಂಡ್ ಕಾದು, ತೆರೆಯದೆ ಹ್ಯಾಮರ್ ಮಾತ್ರ ಎತ್ತಿ ಮತ್ತೆ ಹೊಡೆದಾಗ ಹೆಚ್ಚಿನವು ಸಿಡಿದವು. ಒಂದೇ ಮ್ಯಾಗಜಿನ್ ಅಂತಲ್ಲ, ಎರಡರಲ್ಲೂ ಹೀಗೇ.

ಸೀಸದಪುಡಿ

ಹಾಗಾದರೆ ಸ್ಪ್ರಿಂಗ್ ತರಿಸಬೇಡಿ. ರೌಂಡ್ ಚೇಂಬರಿನಲ್ಲಿ ಪೂರ್ತಿ ಕೂರುತ್ತಿಲ್ಲ. ಖಾಲಿ ಕೇಸ್ ಸಿಕ್ಕಿಕೊಳ್ಳುವುದೂ ಇದರದೇ ಇನ್ನೊಂದು ಮುಖ: ಕೇಸ್ ಚೇಂಬರಿನಿಂದ ಬಿಗಿಯಾಗಿ ಹೊರಬಂದರೆ ಸ್ಲೈಡಿನ ವೇಗ ಅಲ್ಲೇ ಸಾಯುತ್ತದೆ, ಹೊರಗೆ ಹಾರುವ ಮೊದಲೇ ಸ್ಲೈಡ್ ಮುಚ್ಚಿಕೊಂಡು ಕೇಸನ್ನು ಹಿಡಿಯುತ್ತದೆ.

ಚೇಂಬರ್ ಮುಗಿದು ನಳಿಗೆಯ ಗೀರು ಶುರುವಾಗುವ ಜಾಗದಲ್ಲಿ ಮೇಣ, ಸೀಸ, ಮಸಿ ಸೇರಿ ಗಟ್ಟಿ ಉಂಗುರ ಕಟ್ಟುತ್ತದೆ. ಟಾರ್ಗೆಟ್ ಪಿಸ್ತೂಲಿನ ಚೇಂಬರ್ ಬಿಗಿಯಾಗಿರುವುದರಿಂದ ಸ್ವಲ್ಪ ಕಟ್ಟಿದರೂ ತೊಂದರೆ. ಪರೀಕ್ಷೆ ಸುಲಭ. ನಳಿಗೆ ಬಿಚ್ಚಲು ಬರುವಂಥದ್ದಾದರೆ ಬಿಚ್ಚಿ, ರೇಂಜಿನ ಸುರಕ್ಷಿತ ಮೇಜಿನ ಮೇಲೆ ಒಂದು ರೌಂಡನ್ನು ಬೆರಳಿನಿಂದ ಚೇಂಬರಿಗೆ ಬಿಡಿ. ರಿಮ್ ತನ್ನ ಜಾಗಕ್ಕೆ 'ಟಕ್' ಅಂತ ಕೂರಬೇಕು, ತಲೆಕೆಳಗೆ ಮಾಡಿದರೆ ತಾನಾಗಿ ಅಥವಾ ಸಣ್ಣ ತಟ್ಟಿಗೆ ಬೀಳಬೇಕು. ಕೊನೆಯ ಒಂದು ಮಿಲಿಮೀಟರ್ ಒತ್ತಿ ತಳ್ಳಬೇಕಾಗುತ್ತಿದ್ದರೆ ಅಲ್ಲೇ ಉಂಗುರವಿದೆ. ಚೇಂಬರ್ ತೊಳೆದ ಮೇಲೂ ಹಳೆ ಬ್ರಾಂಡ್ ಸಲೀಸಾಗಿ ಕೂತು ಹೊಸದು ಕೂರದಿದ್ದರೆ ಹೊಸದರ ಗುಂಡಿನ ಆಕಾರ ಈ ಚೇಂಬರಿಗೆ ಹೊಂದುವುದಿಲ್ಲ ಎಂದೇ ಅರ್ಥ, ಆ ಬ್ರಾಂಡ್ ಬಿಡಿ.

ತೊಳೆಯುವ ಬಗೆ: ನಾಲ್ಕೈದು ಹನಿ ಸಾಲ್ವೆಂಟ್ ಚೇಂಬರಿಗೆ ಬಿಟ್ಟು ಹತ್ತು ನಿಮಿಷ ನೆನೆಸಿ. .22 ಕಂಚಿನ ಬ್ರಷ್ ಅನ್ನು ಚೇಂಬರ್ ಕಡೆಯಿಂದ ಹಾಕಿ, ಅದೇ ಜಾಗದಲ್ಲಿ ಕೈಯಲ್ಲೇ ಹತ್ತಾರು ಸುತ್ತು ತಿರುಗಿಸಿ. ಡ್ರಿಲ್‌ಗೆ ಕಟ್ಟಬೇಡಿ. ಆಮೇಲೆ ಬಟ್ಟೆಯ ತುಂಡು ಒಂದಾದ ಮೇಲೊಂದು, ಒಣಗಿ ಬರುವ ತನಕ. ಚೇಂಬರಿನಲ್ಲಿ ಎಣ್ಣೆ ಉಳಿಸಬೇಡಿ. ನಳಿಗೆಯ ಉಳಿದ ಭಾಗವನ್ನು ಹೊಳೆಯುವ ತನಕ ಉಜ್ಜುವ ಉತ್ಸಾಹವೂ ಬೇಡ, ಉಜ್ಜಿದರೆ ಮತ್ತೆ ಮೇಣ ಕೂರುವ ತನಕ ಗುಂಡು ಅಲೆದಾಡುತ್ತದೆ.

ಎಕ್ಸ್‌ಟ್ರಾಕ್ಟರ್ ಕೊಕ್ಕೆಯ (ಕೇಸನ್ನು ಚೇಂಬರಿನಿಂದ ಎಳೆಯುವಂಥದ್ದು) ಅಡಿಯಲ್ಲಿ ಕಪ್ಪು ಪುಡಿ ಗಟ್ಟಿಯಾಗಿರುತ್ತದೆ, ಮರದ ಹಲ್ಲುಕಡ್ಡಿಯಿಂದ ಕೆದಕಿ. ಸ್ಲೈಡ್ ಜಾರುವ ಎರಡೂ ಹಳಿಗೆ ಒಂದೊಂದು ಹನಿ ಎಣ್ಣೆ ಸಾಕು. ಪಿನ್ ಓಡುವ ರಂಧ್ರ ಒಣಗಿರಲಿ.

ಶಾಂತಬೆರಳು

ಮ್ಯಾಗಜಿನ್ ತುಂಬುವ ರೀತಿಯನ್ನೂ ನೋಡಿ. .22 ರಿಮ್ ಹೊರಚಾಚಿರುತ್ತದೆ. ಮೇಲಿನ ರೌಂಡಿನ ರಿಮ್ ಕೆಳಗಿನದರ ರಿಮ್‌ಗಿಂತ ಮುಂದೆ ಇರಬೇಕು. ಹಿಂದೆ ಬಿದ್ದರೆ ಎರಡೂ ಕೊಕ್ಕೆ ಹಾಕಿಕೊಂಡು ಮೂತಿ ಕೆಳಗೆ ಮಾಡಿ ನಿಲ್ಲುತ್ತವೆ. ಮೂತಿ ಮೇಲೆ ಮಾಡಿ ಸಿಕ್ಕಿಕೊಂಡರೆ ಮ್ಯಾಗಜಿನ್ ತುಟಿಗಳು ಅಗಲವಾಗಿವೆ. ಮ್ಯಾಗಜಿನ್‌ಗಳಿಗೆ ಬಣ್ಣದ ಪೆನ್ನಿನಲ್ಲಿ 1, 2 ಎಂದು ಬರೆದಿಟ್ಟರೆ ತೊಂದರೆ ಯಾವುದರ ಜೊತೆ ಓಡಾಡುತ್ತದೆ ಅಂತ ಬೇಗ ಗೊತ್ತಾಗುತ್ತದೆ. ನಿಮ್ಮಲ್ಲಿ ಎರಡರಲ್ಲೂ ಇರುವುದರಿಂದ ಮ್ಯಾಗಜಿನ್ ಮೇಲೆ ಅನುಮಾನ ಕಡಿಮೆ.

ಜೋಡಿಕೈ

ಇದೇ ಜಾಗದಲ್ಲಿ ಕೇಳಬಹುದಾ? 9 ಎಂಎಂ, ಎರಡು ಕೈ, 15 ಮೀಟರ್. ಗ್ರೂಪ್ ಚೆನ್ನಾಗಿದೆ, ಆದರೆ ನಡುವಿಗಿಂತ 6 ಸೆಂ.ಮೀ ಕೆಳಗೆ. ಕೊನೆಯ ರೌಂಡ್ ಆದ ಮೇಲೆ ಸ್ಲೈಡ್ ಹಿಂದೆ ನಿಲ್ಲುತ್ತಿಲ್ಲ. ಫ್ರಂಟ್ ಸೈಟ್ ಅರೆಯಬೇಕೇ?

ಹತ್ತರಗೆರೆ

ಅರ ಮುಟ್ಟಬೇಡಿ! ಮೊದಲು ಹೇಳಿ, ಕಪ್ಪಿನ ಅಗಲ ಎಷ್ಟು, ಗುರಿ ಹಿಡಿಯುತ್ತಿರುವುದು ಎಲ್ಲಿ?

ಜೋಡಿಕೈ

12 ಸೆಂ.ಮೀ ಕಪ್ಪು. ಕಪ್ಪಿನ ಕೆಳ ಅಂಚಿಗೆ ಹಿಡಿಯುತ್ತೇನೆ, ಆರು ಗಂಟೆಗೆ.

ಹತ್ತರಗೆರೆ

ಅಲ್ಲಿಗೆ ಮುಗಿಯಿತು. ಕೆಳ ಅಂಚಿನಿಂದ ನಡುವಿಗೆ 6 ಸೆಂ.ಮೀ. ಪಿಸ್ತೂಲು ಎಲ್ಲಿ ನೋಡುತ್ತಿದೆಯೋ ಅಲ್ಲೇ ಹೊಡೆಯುತ್ತಿದೆ. ಆರು ಗಂಟೆಯ ಹಿಡಿತ ಎತ್ತರ ತಿದ್ದಲು ಬರುವ ಟಾರ್ಗೆಟ್ ಸೈಟ್‌ಗಳಿಗೆ, ಅಳತೆ ಬದಲಾಗದ ಕಾರ್ಡ್‌ಗೆ ಸರಿ. ಸ್ಥಿರ ಸೈಟಿನ ಸರ್ವಿಸ್ ಪಿಸ್ತೂಲುಗಳಲ್ಲಿ ಬಹುಪಾಲು ಫ್ರಂಟ್ ಸೈಟಿನ ಮೇಲಂಚಿಗೆ ಅಥವಾ ಚುಕ್ಕೆಗೆ ಗುಂಡು ಬೀಳುವಂತೆ ಮಾಡಿರುತ್ತಾರೆ. ನಡುವಿಗೆ ಹಿಡಿದು ಹತ್ತು ಹಾರಿಸಿ.

ಅದಾದ ಮೇಲೂ ಕೆಳಗೆ ಬಿದ್ದರೆ, ಇನ್ನೊಬ್ಬರು ಹೊಡೆದರೂ ಅಲ್ಲೇ ಬಿದ್ದರೆ ಮಾತ್ರ ಸೈಟ್ ಲೆಕ್ಕ: ತಪ್ಪಿದ ಅಳತೆಯನ್ನು ಸೈಟ್ ಅಂತರದಿಂದ ಗುಣಿಸಿ, ದೂರದಿಂದ ಭಾಗಿಸಿ. 60 ಮಿ.ಮೀ × 160 ÷ 15000 = 0.64 ಮಿ.ಮೀ. ಅಷ್ಟು ಗಿಡ್ಡದ ಫ್ರಂಟ್ ಸೈಟ್ ಬೇಕು. ಫ್ರಂಟ್ ಗಿಡ್ಡವಾದರೆ ಗುಂಡು ಮೇಲೆ, ರಿಯರ್ ಎತ್ತರವಾದರೂ ಗುಂಡು ಮೇಲೆ. ಇದನ್ನು ತಿರುವುಮುರುವು ಮಾಡಿಕೊಂಡು ಅರೆದವರ ಸೈಟ್ ವಾಪಸ್ ಬೆಳೆಯುವುದಿಲ್ಲ. ರೌಂಡ್ ತೂಕವನ್ನೂ ನೋಡಿ: ಹತ್ತಿರದ ದೂರಗಳಲ್ಲಿ 147 ಗ್ರೇನ್ ಗುಂಡು ಸಾಮಾನ್ಯವಾಗಿ 115 ಗ್ರೇನ್‌ಗಿಂತ ಮೇಲೆ ಬೀಳುತ್ತದೆ. ನಿಧಾನದ ಗುಂಡು ನಳಿಗೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಅಷ್ಟರಲ್ಲಿ ನಳಿಗೆ ಏಳಲು ಶುರುವಾಗಿರುತ್ತದೆ.

ಅರ್ಧಕ್ಲಿಕ್

ಸ್ಲೈಡ್ ನಿಲ್ಲದಿರುವುದಕ್ಕೆ: ಖಾಲಿ ಮ್ಯಾಗಜಿನ್ ಹಾಕಿ ಕೈಯಿಂದ ಜೋರಾಗಿ ಸ್ಲೈಡ್ ಎಳೆಯಿರಿ. ಆಗ ನಿಂತರೆ ಮ್ಯಾಗಜಿನ್ನೂ ಸ್ಲೈಡ್ ಸ್ಟಾಪೂ ಸರಿ ಇವೆ, ನಿಮ್ಮ ಹೆಬ್ಬೆರಳು ಸ್ಟಾಪ್ ಮೇಲೆ ಕೂತಿದೆ. ಹೆಬ್ಬೆರಳುಗಳನ್ನು ಒಂದು ಬೆರಳಿನಷ್ಟು ಕೆಳಗಿಳಿಸಿ. ಕೆಲವರಲ್ಲಿ ಇದು ಉಲ್ಟಾ, ಹೆಬ್ಬೆರಳು ಅಡಿಯಿಂದ ತಳ್ಳಿ ರೌಂಡ್ ಇರುವಾಗಲೇ ಸ್ಲೈಡ್ ಹಿಂದೆ ನಿಲ್ಲುತ್ತದೆ.

ಗಡಿಯಾರಚಾರ್ಟ್

ಅರ್ಧಕ್ಲಿಕ್ ಅವರೇ, ಚೀಲದ ಮೇಲೆ ಪಿಸ್ತೂಲು ಸರಿ ಬಂತು ಅಂತಿಟ್ಟುಕೊಳ್ಳಿ. ಆಮೇಲಾದರೂ ಬೆರಳಿಗೆ ಬರಲೇಬೇಕಲ್ಲ?

ಅರ್ಧಕ್ಲಿಕ್

ಖಂಡಿತ. ಆಗ ನಿಮ್ಮ ಚಾರ್ಟ್‌ಗಿಂತ ಡಮ್ಮಿ ರೌಂಡ್ (ಮದ್ದಿಲ್ಲದ, ಸಿಡಿಯದ ರೌಂಡ್) ಸತ್ಯ ಹೇಳುತ್ತದೆ. ಇನ್ನೊಬ್ಬರ ಕೈಯಲ್ಲಿ ಮ್ಯಾಗಜಿನ್ ತುಂಬಿಸಿ, ಐದರಲ್ಲಿ ಒಂದೆರಡು ಡಮ್ಮಿ, ಯಾವುದು ಎಲ್ಲಿದೆ ಎಂದು ಹೊಡೆಯುವವರಿಗೆ ಗೊತ್ತಾಗಬಾರದು. ಬಣ್ಣದ ಡಮ್ಮಿಯನ್ನೇ ಬಳಸಿ, ನಿಜವಾದ ರೌಂಡ್ ಜೊತೆ ಬೆರೆತುಹೋಗುವಂಥದ್ದು ಬೇಡ. ಡಮ್ಮಿ ಬಂದಾಗ ಫ್ರಂಟ್ ಸೈಟ್ ಏನು ಮಾಡಿತು ಅಂತ ಪಕ್ಕದವರು ನೋಡಲಿ. 'ಕ್ಲಿಕ್' ಆಗುವ ಮೊದಲೇ ಮೂತಿ ಕುಸಿದರೆ ಸದ್ದಿಗೆ ಹೆದರಿ ಮುಂಚೆಯೇ ತಳ್ಳುತ್ತಿದ್ದೀರಿ. ನಡುವೆ ನೇರ ಎಡಕ್ಕೆ ಸರಿದರೆ ಟ್ರಿಗರ್ ಮೇಲೆ ಬೆರಳಿಟ್ಟ ಜಾಗ ಸರಿಯಿಲ್ಲ ಅಥವಾ ಬೆರಳಿನ ಜೊತೆ ಇಡೀ ಅಂಗೈ ಹಿಂಡುತ್ತಿದೆ.

ಜೋಡಿಕೈ

9 ಎಂಎಂನಲ್ಲಿ ಡಮ್ಮಿ ಬಂದರೆ ನನ್ನ ಮೂತಿಯೂ ಕುಸಿಯುತ್ತದೆ. ಗ್ರೂಪ್ ಮಾತ್ರ ಚೆನ್ನಾಗೇ ಇದೆಯಲ್ಲ?

ಶಾಂತಬೆರಳು

ಕುಸಿಯುವುದು ಕ್ಲಿಕ್ ಮೊದಲೋ, ಆಮೇಲೋ? ಫೋನ್‌ನ ಸ್ಲೋ ಮೋಷನ್‌ನಲ್ಲಿ ಪಕ್ಕದಿಂದ ತೆಗೆದು ನೋಡಿ. ಎರಡು ಕೈಯಲ್ಲಿ ವೇಗವಾಗಿ ಹೊಡೆಯುವವರ ಕೈ ಒದೆತವನ್ನು ವಾಪಸ್ ಇಳಿಸಲು ತಾನಾಗಿ ತಳ್ಳುತ್ತದೆ. ಅದು ಕ್ಲಿಕ್ ಆದ ಮೇಲೆ ಬಂದರೆ ಗುಂಡು ಆಗಲೇ ಹೊರಗೆ ಹೋಗಿರುತ್ತದೆ, ನಷ್ಟವಿಲ್ಲ. ಒಂದು ಕೈಯಲ್ಲಿ ನಿಧಾನಕ್ಕೆ ಹೊಡೆಯುವವರಿಗೆ ಮಾತ್ರ ಆಮೇಲಿನ ಕುಸಿತವೂ ಕೆಟ್ಟ ಅಭ್ಯಾಸವೇ. ಅವರ ಸೈಟ್ ಕ್ಲಿಕ್ ಆದ ಮೇಲೂ ಒಂದೆರಡು ಸೆಕೆಂಡ್ ಅಲ್ಲೇ ನಿಂತಿರಬೇಕು.

ಬೆರಳಿನ ಜಾಗದ ಬಗ್ಗೆ: ಹಗುರ ಟ್ರಿಗರ್‌ಗೆ ಮೊದಲ ಗಿಣ್ಣಿನ ಮುಂದಿನ ಮೆತ್ತೆಯ ನಡುಭಾಗ. ರಿವಾಲ್ವರ್‌ನ ಡಬಲ್ ಆಕ್ಷನ್‌ಗೆ ಗಿಣ್ಣಿನ ಹತ್ತಿರದವರೆಗೂ ಒಳಗೆ ಹಾಕಬಹುದು, ಅಲ್ಲಿ ಬಲ ಬೇಕು. ಬೆರಳಿನ ಬುಡ ಗ್ರಿಪ್‌ಗೆ ತಾಗಿ ಉಜ್ಜುತ್ತಿದ್ದರೆ ಟ್ರಿಗರ್ ಜೊತೆ ಪಿಸ್ತೂಲೂ ಸರಿಯುತ್ತದೆ, ನಡುವೆ ಕಾಗದ ತೂರುವಷ್ಟು ಜಾಗ ಇರಲಿ. 25 ಮೀಟರ್ ಸ್ಪೋರ್ಟ್ ಪಿಸ್ತೂಲಿಗೆ ನಿಯಮದಂತೆ ಟ್ರಿಗರ್ ತೂಕ ಕನಿಷ್ಠ 1000 ಗ್ರಾಂ, 10 ಮೀಟರ್ ಏರ್ ಪಿಸ್ತೂಲಿಗೆ 500. ಏರ್ ಪಿಸ್ತೂಲಿನಿಂದ ಬಂದ ಬೆರಳು .22 ಹಿಡಿದಾಗ ಎರಡು ಪಟ್ಟು ತೂಕಕ್ಕೆ ತಡವರಿಸಿ ಕೊನೆಯಲ್ಲಿ ಕೀಳುತ್ತದೆ. 1000ದಲ್ಲಿ ಸುಮಾರು 700 ಗ್ರಾಂ ಮೊದಲ ಹಂತದಲ್ಲೇ ತೆಗೆದುಕೊಳ್ಳುವಂತೆ ಟ್ರಿಗರ್ ಹೊಂದಿಸಿದರೆ ಕೊನೆಗೆ ಉಳಿಯುವುದು ಕಡಿಮೆ. ಒಟ್ಟು ತೂಕವನ್ನು ತೂಕದ ಬಟ್ಟು ನೇತುಹಾಕಿ ಪರೀಕ್ಷಿಸಿ.

ಎಡಗೈ_ಎರಡುಕಣ್ಣು

ನಿಲುವನ್ನು ಯಾರೂ ಹೇಳಲಿಲ್ಲ. ಖಾಲಿ ಪಿಸ್ತೂಲು ಎತ್ತಿ, ಕಣ್ಣು ಮುಚ್ಚಿ, ಎರಡು ಉಸಿರು ಬಿಟ್ಟು ತೆರೆಯಿರಿ. ಸೈಟ್ ಕಾರ್ಡಿನ ಎಡಕ್ಕಿದ್ದರೆ ಕೈಯಿಂದ ಎಳೆದು ತರಬೇಡಿ, ಹಿಂದಿನ ಪಾದವನ್ನು ಸ್ವಲ್ಪ ಸರಿಸಿ ಇಡೀ ದೇಹವನ್ನು ತಿರುಗಿಸಿ. ಕಾರ್ಡಿಗೆ ನೇರ ಬಂದು, ಸೈಟ್‌ಗಳು ಒಂದಕ್ಕೊಂದು ಸಮವಿಲ್ಲದಿದ್ದರೆ ಅದು ಪಾದದ್ದಲ್ಲ, ಗ್ರಿಪ್‌ದು. ಬೆವರಿಗೆ ಗ್ರಿಪ್ ಜಾರಿ, ಪ್ರತಿ ಸೀರೀಸ್‌ಗೂ ಹಿಡಿತ ಬದಲಾಗಿ ಎಡ ಬಲ ಅಲೆಯುವುದು ತುಂಬ ಸಾಮಾನ್ಯ. ಕೈ ಒರೆಸುವ ಬಟ್ಟೆ ಮೇಜಿನ ಮೇಲಿರಲಿ.

ಕಪ್ಪುವೃತ್ತ

ಚೇಂಬರಿನಲ್ಲಿ ಉಂಗುರ ಇತ್ತು, ಎರಡೂ ಬ್ರಾಂಡ್ ಕೊನೆಯಲ್ಲಿ ಸಿಕ್ಕುತ್ತಿದ್ದವು. ತೊಳೆದ ಮೇಲೆ ಎರಡೂ ಟಕ್ ಅಂತ ಕೂರುತ್ತಿವೆ. ಮನೆಯಲ್ಲಿ ಬೆರಳು ಅಭ್ಯಾಸಕ್ಕೆ ಡ್ರೈ ಫೈರ್ (ರೌಂಡ್ ಇಲ್ಲದೆ ಟ್ರಿಗರ್ ಒತ್ತುವುದು) ಮಾಡಬಹುದೇ? .22ರಲ್ಲಿ ಮಾಡಬಾರದು ಅನ್ನುತ್ತಾರೆ.

ಸೀಸದಪುಡಿ

ಕೈಪಿಡಿಯಲ್ಲಿ ಮಾಡಬಹುದು ಅಂತ ಬರೆದಿದ್ದರೆ, ಅಥವಾ ಡ್ರೈ ಫೈರ್‌ಗೆ ಬೇರೆ ಗುಂಡಿ ಇದ್ದರೆ ಮಾಡಿ. ಇಲ್ಲದಿದ್ದರೆ ಬೇಡ. ರಿಮ್‌ಫೈರ್‌ನಲ್ಲಿ ಪಿನ್ ಬಡಿಯುವುದು ರಿಮ್ ಇರಬೇಕಾದ ಅಂಚಿಗೆ. ರೌಂಡ್ ಇಲ್ಲದಾಗ ಕೆಲವು ಪಿಸ್ತೂಲುಗಳಲ್ಲಿ ಅದು ಚೇಂಬರ್ ಬಾಯಿಗೇ ತಗುಲಿ ಚಿಕ್ಕ ಉಬ್ಬು ಮಾಡುತ್ತದೆ. ಆ ಉಬ್ಬು ರೌಂಡನ್ನು ಪೂರ್ತಿ ಕೂರಲು ಬಿಡದೆ, ಈಗ ತೊಳೆದು ಕಳೆದುಕೊಂಡ ತೊಂದರೆಯನ್ನೇ ಲೋಹದಲ್ಲಿ ಮತ್ತೆ ಕೊಡುತ್ತದೆ. ರಿಮ್ ಇರುವ .22 ಪ್ಲಾಸ್ಟಿಕ್ ಡಮ್ಮಿ ಹಾಕಿ, ಹತ್ತು ಹೊಡೆತಕ್ಕೊಮ್ಮೆ ಸುತ್ತಿ, ಗುಳಿ ಬಿದ್ದರೆ ಬದಲಿಸಿ. ಡ್ರೈ ಫೈರ್ ಮಾಡುವ ಕೋಣೆಯಲ್ಲಿ ನಿಜವಾದ ರೌಂಡ್ ಒಂದೂ ಇರಬಾರದು.

ಅರ್ಧಕ್ಲಿಕ್

ಈಗ ಚೀಲದ ಪರೀಕ್ಷೆಗೆ ಹೋಗಿ. ಹೊಸ ಬ್ರಾಂಡೇ ಇರಲಿ, ಸೈಟ್ ಹಳೆ ಜಾಗದಲ್ಲಿ. ಮೊದಲ ಹತ್ತು ಲೆಕ್ಕಕ್ಕಿಲ್ಲ, ಚೇಂಬರ್ ಈಗಷ್ಟೇ ತೊಳೆದದ್ದು. ಆಮೇಲೆ ಎರಡು ಕಾರ್ಡ್, ಐದೈದು. ಎರಡರ ನಡುಬಿಂದುವೂ ಒಂದೇ ಕಡೆ 25 ಮಿ.ಮೀಗಿಂತ ಜಾಸ್ತಿ ತಪ್ಪಿದ್ದರೆ ಕ್ಲಿಕ್ ಕೊಡಿ. ಒಂದು ಕ್ಲಿಕ್ ಎಷ್ಟು ಅಂತ ಗೊತ್ತಿಲ್ಲದಿದ್ದರೆ ಒಂದೇ ಸಲ ಹತ್ತು ಕ್ಲಿಕ್ ಕೊಟ್ಟು ಐದು ಹಾರಿಸಿ, ಸರಿದ ದೂರವನ್ನು ಹತ್ತರಿಂದ ಭಾಗಿಸಿ. ನಿಂತು ಒಂದು ಕೈಯಲ್ಲಿ ಹೊಡೆಯುವುದು ಇದೆಲ್ಲ ಆದ ಮೇಲೆ. ಆಗಲೂ ಎಡಕ್ಕೆ ಕೆಳಗೆ ಬಂದರೆ ಡಮ್ಮಿ ಬೆರೆಸಿ, ವಿಡಿಯೋ ಇಲ್ಲಿ ಹಾಕಿ. ಗಡಿಯಾರಚಾರ್ಟ್ ಅವರೂ ನೋಡಲಿ.

ಗಡಿಯಾರಚಾರ್ಟ್

ನೋಡ್ತೀನಿ. ಮುಖದಿಂದಲ್ಲ, ಟ್ರಿಗರ್ ಬೆರಳು ಕಾಣುವ ಹಾಗೆ ಪಕ್ಕದಿಂದ, ಕೈಯ ಮಟ್ಟದಲ್ಲಿ ತೆಗೆಯಿರಿ. ಕ್ಯಾಮೆರಾ ಲೈನಿನ ಹಿಂದೆಯೇ ಇರಲಿ.